ಎಬಿಎಸ್ ಇರುವ ಕಾರಿನ ಬ್ರೇಕ್ ಬ್ಲೀಡಿಂಗ್ ಮನೆಯಲ್ಲೇ: ಮೂರು ತಪ್ಪು, ಎರಡು ವಾರಾಂತ್ಯ

ಬ್ಲೀಡಿಂಗ್ ಅಂದರೆ ಬ್ರೇಕ್ ಲೈನಿನ ಹಳೇ ಆಯಿಲನ್ನೂ ಗಾಳಿಯನ್ನೂ ಹೊರತೆಗೆದು ಹೊಸ ಆಯಿಲ್ ತುಂಬುವುದು. ಕಾರು ಒಂಬತ್ತು ವರ್ಷದ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ತಿರುಗದೆ ಜಾರುವುದನ್ನು ತಡೆಯುವ ಎಬಿಎಸ್ ಇದೆ, ಪ್ರತಿ ಚಕ್ರಕ್ಕೊಂದರಂತೆ ನಾಲ್ಕು ಚಾನೆಲ್ಲಿನದು. ಕಾರು ಅಡ್ಡ ಜಾರದಂತೆ ನೋಡುವ ಇಎಸ್‌ಪಿ ಇಲ್ಲ. ಬ್ರೇಕ್ ಲೈನುಗಳು ಕತ್ತರಿಯ ಹಾಗೆ ಅಡ್ಡಡ್ಡ ಹೋಗುತ್ತವೆ: ಹಿಂದಿನ ಎಡ ಚಕ್ರ ಮತ್ತು ಮುಂದಿನ ಬಲ ಚಕ್ರ ಒಂದು ಸರ್ಕ್ಯೂಟು, ಹಿಂದಿನ ಬಲ ಮತ್ತು ಮುಂದಿನ ಎಡ ಇನ್ನೊಂದು. ಜಾಗ ಬೆಂಗಳೂರಿನ ಬನಶಂಕರಿ ಎರಡನೇ ಹಂತದ ಒಂದು ಮನೆಯ ಪೋರ್ಟಿಕೊ. ತಲೆಯ ಮೇಲೆ ಸೂರು ಬೇಕೇ ಬೇಕು. ಸಂಜೆಯ ಮಳೆ ಹೇಳಿ ಬರುವುದಿಲ್ಲ, ತೆರೆದಿಟ್ಟ ಬ್ರೇಕ್ ಆಯಿಲ್ ಡಬ್ಬಿಗೆ ನಾಲ್ಕು ಹನಿ ಬಿದ್ದರೂ ಮಾಡಿದ ಕೆಲಸ ವ್ಯರ್ಥ.

ಕಾರಣ: ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ನಂದಿಬೆಟ್ಟ ಇಳಿಯುವಾಗ ಕೊನೆಯ ತಿರುವುಗಳಲ್ಲಿ ಪೆಡಲ್ ಮೆತ್ತಗಾಗುತ್ತಿತ್ತು. ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದೇ ಆಯಿಲ್ ಶೇಕಡಾ 3.7ರಷ್ಟು ನೀರು ಹೀರಿಕೊಂಡರೆ 155 ಡಿಗ್ರಿಗೇ ಕುದಿಯಬಹುದು. ಡಾಟ್ 3ರಲ್ಲಿ ಇದೇ ಲೆಕ್ಕ 205 ಮತ್ತು 140. ಕುದಿದರೆ ಆವಿ, ಆವಿಯಾದರೆ ಪೆಡಲ್ ಮೆತ್ತಗೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಆಗ ಕೊಂಡ ಕಾರುಗಳಲ್ಲಿ ಎಷ್ಟೋ ಇನ್ನೂ ಕಾರ್ಖಾನೆಯಲ್ಲಿ ತುಂಬಿದ ಆಯಿಲ್‌ನಲ್ಲೇ ಓಡುತ್ತಿವೆ. ಈ ಕೆಲಸವನ್ನು ಎರಡು ವರ್ಷಕ್ಕೊಮ್ಮೆ ಮಾಡಲೇಬೇಕು.

ಮೊದಲೇ ಹೇಳಬೇಕಾದ ಮಾತು: ಬರೀ ಆಯಿಲ್ ಬದಲಿಸಲು ಎಬಿಎಸ್ ಕಾರಿಗೆ ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಬೇಡ, ಎಬಿಎಸ್ ಇಲ್ಲದ ಹಳೇ ಕಾರಿನಲ್ಲಿ ಮಾಡಿದ ಹಾಗೇ ಮಾಡಬಹುದು. ಆದರೆ ಒಮ್ಮೆ ಗಾಳಿ ಎಬಿಎಸ್ ಘಟಕದ ಒಳಗೆ ಹೊಕ್ಕರೆ ಲೆಕ್ಕವೇ ಬೇರೆ. ಇಲ್ಲಿ ಆದದ್ದು ಅದೇ.

ಸಾಮಾನು

ಡಾಟ್ 4 ಆಯಿಲ್, ಸೀಲ್ ಮಾಡಿದ ಅರ್ಧ ಲೀಟರಿನ ಬಾಟಲಿ, ತಲಾ 240 ರೂ. ಮೊದಲು ಎರಡು ತಂದದ್ದು, ಆಮೇಲೆ ಮೂರನೆಯದೂ ಬೇಕಾಯಿತು. ಫ್ಲೇರ್ ನಟ್ ಸ್ಪ್ಯಾನರ್ ಸೆಟ್ 550 ರೂ. ಒಳವ್ಯಾಸ 5 ಎಂಎಂ ಇರುವ ಪಾರದರ್ಶಕ ಪೈಪು ಒಂದೂವರೆ ಮೀಟರ್, 30 ರೂ. ಮೆಡಿಕಲ್ ಶಾಪಿನ 60 ಮಿಲೀ ಸಿರಿಂಜು, 40 ರೂ. ಬ್ರೇಕ್ ಕ್ಲೀನರ್ ಒಂದು ಡಬ್ಬಿ, 280 ರೂ. ಜಾಕಿ, ನಾಲ್ಕು ಸ್ಟ್ಯಾಂಡು, ಟಾರ್ಕ್ ರೆಂಚು, ಹಳೇ ನೀರಿನ ಬಾಟಲಿ, ಬಕೆಟ್ ತುಂಬ ನೀರು ಮನೆಯಲ್ಲೇ ಇದ್ದವು. ಬಕೆಟ್ ಮರೆಯಬಾರದು: ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಒರೆಸುವ ಮೊದಲು ನೀರು ಸುರಿಯಬೇಕು, ಇಲ್ಲದಿದ್ದರೆ ಪೇಂಟ್ ಉಬ್ಬಿ ಏಳುತ್ತದೆ.

ಅಂಗಡಿಯಲ್ಲಿ 'ಡಾಟ್ ಫೈವ್ ಇನ್ನೂ ಒಳ್ಳೇದು' ಅಂದರೆ ಬಾಟಲಿಯ ಮೇಲಿನ ಅಕ್ಷರ ಓದಿ. 5.1 ಎಂಬುದು 4ರ ಜಾತಿಯದೇ, ಗ್ಲೈಕಾಲ್. ಬರೀ 5 ಅಂದರೆ ಸಿಲಿಕೋನ್. ಗ್ಲೈಕಾಲ್ ಜತೆ ಬೆರೆಯುವುದಿಲ್ಲ, ಎಬಿಎಸ್ ಪಂಪಿನಲ್ಲಿ ನೊರೆಯಾಗುತ್ತದೆ. ಆ ಬಾಟಲಿ ಈ ಕಾರಿನ ಹತ್ತಿರವೂ ಬರಬಾರದು.

ಹಂತ 1. ಶನಿವಾರ ಬೆಳಿಗ್ಗೆ 8: ಎತ್ತುವುದು, ಅಳೆಯುವುದು

ಪೋರ್ಟಿಕೊ ಟೈಲ್ಸ್ ನೆಲದ್ದು. ಸ್ಟ್ಯಾಂಡಿನ ಕಾಲು ಜಾರದಂತೆ, ಟೈಲ್ ಒಡೆಯದಂತೆ 18 ಎಂಎಂ ಪ್ಲೈವುಡ್ ತುಂಡು ಕೆಳಗಿಟ್ಟದ್ದು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು, ಅದನ್ನೂ ಎತ್ತಬೇಕಾದ್ದರಿಂದ ಹ್ಯಾಂಡ್‌ಬ್ರೇಕ್ ನೆಚ್ಚುವಂತಿಲ್ಲ. ಗೇರಿನಲ್ಲಿಟ್ಟರೂ ಅದು ಹಿಡಿಯುವುದು ಮುಂದಿನ ಚಕ್ರವನ್ನು ಮಾತ್ರ, ಅದೂ ನೆಲದ ಮೇಲಿರುವಾಗ. ಹಾಗಾಗಿ ಒಂದು ಬದಿ ಎತ್ತುವಾಗ ಇನ್ನೊಂದು ಬದಿಯ ಚಕ್ರಗಳು ಉರುಳದಂತೆ ಎರಡೂ ಕಡೆ ಕಟ್ಟೆ. ನಾಲ್ಕೂ ಸ್ಟ್ಯಾಂಡಿನ ಮೇಲೆ ಕೂತ ಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿಯೇ ಕೆಳಗೆ ಕೈ ಹಾಕಿದ್ದು.

ಇದಕ್ಕೂ ಮುಂಚೆ ಒಂದು ಅಳತೆ. ಇಂಜಿನ್ ಓಡುತ್ತಿರುವಾಗ ಪೆಡಲನ್ನು ಗಟ್ಟಿಯಾಗಿ ಒತ್ತಿ, ಪೆಡಲಿಗೂ ನೆಲಕ್ಕೂ ಉಳಿದ ಅಂತರ ಸ್ಕೇಲಿನಲ್ಲಿ: 85 ಎಂಎಂ. ಅಂತರ ಕಡಿಮೆಯಾದರೆ ಪೆಡಲ್ ಹೆಚ್ಚು ಇಳಿಯುತ್ತಿದೆ ಎಂದರ್ಥ. 'ಮೆತ್ತಗಿದೆ', 'ಪರವಾಗಿಲ್ಲ' ಎಂಬ ಮಾತು ಮರುದಿನಕ್ಕೆ ನೆನಪಿರುವುದಿಲ್ಲ. ಈ ಅಂಕಿಯೇ ಮುಂದೆ ಕೈ ಹಿಡಿದದ್ದು.

ಹಂತ 2. ಡಬ್ಬಿ ಖಾಲಿ ಮಾಡುವುದು

ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವುದು ಮಾಸ್ಟರ್ ಸಿಲಿಂಡರ್. ಅದರ ಮೇಲಿನ ಡಬ್ಬಿಯ ಹಳೇ ಆಯಿಲ್ ಸಿರಿಂಜಿನಲ್ಲಿ ಎಳೆದದ್ದು, 120 ಮಿಲೀ. ತಳದ ತೂತು ಕಾಣುವವರೆಗೆ ಎಳೆಯಬಾರದು, ಒಂದು ಬೆರಳಷ್ಟು ಉಳಿಸಬೇಕು. ಹೊಸದನ್ನು ಮ್ಯಾಕ್ಸ್ ಗೆರೆಯವರೆಗೆ ತುಂಬಿದ್ದು. ಬಾಟಲಿ ಕುಲುಕಬೇಡಿ, ಎತ್ತರದಿಂದ ಸುರಿಯಬೇಡಿ. ಸಣ್ಣ ಗುಳ್ಳೆಗಳು ಅದರಲ್ಲೇ ತೇಲುತ್ತಿದ್ದು ಲೈನಿಗೆ ಹೋಗುತ್ತವೆ.

ಹಂತ 3. ಮುರಿದ ನಿಪ್ಪಲ್, ಮತ್ತು ಮೊದಲ ತಪ್ಪು

ಕ್ರಮ ಹೀಗೆ: ಹಿಂದಿನ ಎಡ, ಮುಂದಿನ ಬಲ, ಹಿಂದಿನ ಬಲ, ಮುಂದಿನ ಎಡ. ನಮ್ಮ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರ್ ಬಲಕ್ಕಿರುವುದರಿಂದ ಹಿಂದಿನ ಎಡ ಚಕ್ರವೇ ಅತಿ ದೂರ. ಎಲ್ಲ ಕಂಪನಿಗಳ ಕ್ರಮ ಒಂದೇ ಅಲ್ಲ. ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಬೇರೆ ಹೇಳಿದರೆ ಅದನ್ನೇ ಅನುಸರಿಸಿ.

ಡ್ರಮ್ಮಿನೊಳಗೆ ಬ್ರೇಕ್ ಶೂಗಳನ್ನು ತಳ್ಳುವುದು ವೀಲ್ ಸಿಲಿಂಡರ್, ಅದರಿಂದ ಆಯಿಲ್ ಹೊರಬಿಡುವ ತಿರುಪು ನಿಪ್ಪಲ್. ಹಿಂದಿನ ಎಡ ವೀಲ್ ಸಿಲಿಂಡರಿನ 8 ಎಂಎಂ ನಿಪ್ಪಲ್ ತುಕ್ಕು ಹಿಡಿದಿತ್ತು. ರಬ್ಬರ್ ಟೋಪಿ ಇರಲಿಲ್ಲ, ಮಳೆಗಾಲದ ಕೆಸರು ತೂತಿನೊಳಗೇ ಕೂತಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟದ್ದು ಸಾಲದು. ಹಿಂದಿನ ರಾತ್ರಿಯೇ ಹೊಡೆದಿಡಬೇಕಿತ್ತು. ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಬೇಕು, ಸುತ್ತ ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು. ಅವಸರದಲ್ಲಿ ನೇರ ಸಡಿಲಿಸಲು ಹೋಗಿ ತಲೆ ಮುರಿಯಿತು. ಅಲ್ಲಿಗೆ ಹೊಸ ವೀಲ್ ಸಿಲಿಂಡರ್ ಬೇಕಾಯಿತು.

ಡ್ರಮ್ ಕೈಗೆ ಬರಲಿಲ್ಲ. ಅದರ ಮುಖದಲ್ಲಿರುವ ಎರಡು ಥ್ರೆಡ್ ತೂತುಗಳಿಗೆ 8 ಎಂಎಂ ಬೋಲ್ಟ್ ಹಾಕಿ, ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು ಬಿಗಿಯುತ್ತ ಹೋದರೆ ಡ್ರಮ್ ತಾನಾಗಿ ಹೊರಬರುತ್ತದೆ. ಒಳಗಿನ ಶೂ ಪುಡಿಯನ್ನು ಊದಬಾರದು, ಏರ್ ಗನ್ ಹೊಡೆಯಬಾರದು. ಕ್ಲೀನರ್‌ನಿಂದ ನೆನೆಸಿ ಬಟ್ಟೆಯಲ್ಲಿ ಒರೆಸಿದ್ದು. ಪೈಪಿನ 10 ಎಂಎಂ ನಟ್ಟಿಗೆ ಫ್ಲೇರ್ ಸ್ಪ್ಯಾನರ್ ಕಡ್ಡಾಯ. ಸಾಮಾನ್ಯ ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಉಕ್ಕಿನ ಪೈಪನ್ನೇ ಬದಲಿಸುವ ಪಾಡು ಬರುತ್ತದೆ.

ಕಾರು ಸ್ಟ್ಯಾಂಡಿನ ಮೇಲೆ, ಹಾಗಾಗಿ ಹಳೇ ಸಿಲಿಂಡರನ್ನು ಚೀಲದಲ್ಲಿ ಹಾಕಿಕೊಂಡು ಮೆಟ್ರೋದಲ್ಲಿ, ವಾಹನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ನಡೆದುಹೋಗುವಷ್ಟೇ ದೂರ. ಹಳೇ ಭಾಗ ಕೈಯಲ್ಲಿರಲೇಬೇಕು: ಒಂದೇ ಮಾದರಿಯ ಕಾರಿಗೆ ಎರಡು ಅಳತೆಯ ಸಿಲಿಂಡರ್ ಇರುವುದುಂಟು, ಮೈಮೇಲೆ ಬರೆದ ವ್ಯಾಸ ತಾಳೆ ನೋಡಿಯೇ ಕೊಳ್ಳಬೇಕು. 650 ರೂ., ನಿಪ್ಪಲ್ ಟೋಪಿಗಳಿಗೆ ಬೇರೆ 40. ಇದನ್ನು ಶನಿವಾರವೇ ಮುಗಿಸಬೇಕು, ಭಾನುವಾರ ಅಲ್ಲಿ ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತವೆ.

ಮೊದಲ ತಪ್ಪು ಇಲ್ಲಿ. ಹೋಗಿ ಬರಲು ಎರಡೂವರೆ ಗಂಟೆ. ಪೈಪಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಷ್ಟೇ. ಮರಳಿ ಬರುವಷ್ಟರಲ್ಲಿ ತಟ್ಟೆಯಲ್ಲಿ ಸುಮಾರು 130 ಮಿಲೀ. ಡಬ್ಬಿಯ ನಡುವೆ ಅಡ್ಡಗೋಡೆ ಇರುವುದರಿಂದ ಒಂದು ಅರ್ಧ ಬರಿದಾಗಿತ್ತು, ಇನ್ನೊಂದರಲ್ಲಿ ಆಯಿಲ್ ಹಾಗೇ ಇತ್ತು. ಬರಿದಾದ ಸರ್ಕ್ಯೂಟಿನಲ್ಲಿ ಗಾಳಿ ಡಬ್ಬಿಯಿಂದ ಇಳಿದು ಮಾಸ್ಟರ್ ಸಿಲಿಂಡರ್ ದಾಟಿ ಎಬಿಎಸ್ ಘಟಕದ ಬಾಗಿಲಿಗೆ ಬಂದಿತ್ತು.

ಇದನ್ನು ತಡೆಯುವುದು ಬಲು ಸುಲಭ. ಪೆಡಲನ್ನು ಮೂರು ಸೆಂಟಿಮೀಟರಿನಷ್ಟು ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಕೋಲು ಕೊಟ್ಟು ಹಾಗೇ ನಿಲ್ಲಿಸಬೇಕು. ಆಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದೆ ಸರಿದು ಡಬ್ಬಿಯಿಂದ ಬರುವ ದಾರಿ ಮುಚ್ಚಿಕೊಳ್ಳುತ್ತದೆ, ಪೈಪ್ ತೆರೆದಿದ್ದರೂ ಹೆಚ್ಚು ಸೋರುವುದಿಲ್ಲ. ಹಾಗೆ ಒತ್ತಿಟ್ಟಷ್ಟು ಹೊತ್ತೂ ಹಿಂದಿನ ಬ್ರೇಕ್ ಲೈಟು ಉರಿಯುತ್ತಲೇ ಇರುತ್ತದೆ. ಅದರ ಫ್ಯೂಸ್ ತೆಗೆದಿಡಿ. ಪೈಪಿನ ಬಾಯಿಗೆ ಪ್ಲಾಸ್ಟಿಕ್ ಬದಲು ಬಿಗಿಯಾದ ರಬ್ಬರ್ ಟೋಪಿ.

ಹಂತ 4. ಇಬ್ಬರ ಬ್ಲೀಡಿಂಗ್

ಹೊಸ ಸಿಲಿಂಡರ್ ಕೂರಿಸಿ, ಡಬ್ಬಿ ತುಂಬಿದ ಮೇಲೆ ಈ ಹಂತ. ಇಂಜಿನ್ ಬಂದ್. ಕಾಲಿನ ಬಲ ಹೆಚ್ಚಿಸುವ ಬೂಸ್ಟರಿನ ನಿರ್ವಾತ ಹೋಗಲು ಪೆಡಲ್ ನಾಲ್ಕೈದು ಸಲ ಒತ್ತಿದ್ದು. ಪೆಡಲಿನ ಕೆಳಗೆ ಮರದ ತುಂಡು: ದಿನನಿತ್ಯ ಪೆಡಲ್ ನೆಲ ಮುಟ್ಟುವುದಿಲ್ಲ, ಹಾಗಾಗಿ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗದಲ್ಲಿ ವರ್ಷಗಳ ಗಸಿ, ತುಕ್ಕು ಕೂತಿರುತ್ತದೆ. ರಬ್ಬರ್ ಸೀಲ್ ಅಲ್ಲಿವರೆಗೆ ಉಜ್ಜಿಕೊಂಡು ಹೋದರೆ ಹರಿಯುತ್ತದೆ. ಹಳೇ ಕಾರುಗಳಲ್ಲಿ 'ಬ್ಲೀಡಿಂಗ್ ಮಾಡಿಸಿದ ಮೇಲೆ ಮಾಸ್ಟರ್ ಸಿಲಿಂಡರೇ ಹೋಯ್ತು' ಎಂಬ ದೂರು ಬರುವುದು ಇದರಿಂದ.

ಪೈಪಿನ ಒಂದು ತುದಿ ನಿಪ್ಪಲಿಗೆ, ಇನ್ನೊಂದು ತುದಿ ಬಾಟಲಿಯಲ್ಲಿ ಮೊದಲೇ ಸುರಿದ ಎರಡು ಬೆರಳು ಆಯಿಲ್‌ನಲ್ಲಿ ಮುಳುಗಿರಬೇಕು. ಪೈಪು ನಿಪ್ಪಲಿನಿಂದ ಮೊದಲು ಮೇಲಕ್ಕೆ ಹೋಗಿ ಆಮೇಲೆ ಕೆಳಗಿಳಿಯಬೇಕು, ಗುಳ್ಳೆ ಹಿಂದೆ ಬರುವುದಿಲ್ಲ. ಮಾತು ಮೂರೇ. ಚಕ್ರದ ಹತ್ತಿರ ಕೂತವರು 'ಒತ್ತಿ' ಅನ್ನಬೇಕು. ಪೆಡಲ್ ಮೇಲಿರುವವರು ನಿಧಾನವಾಗಿ ಒತ್ತಿ 'ಹಿಡಿದಿದೀನಿ' ಅನ್ನಬೇಕು. ಆಗ ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಹರಿವು ನಿಲ್ಲುವ ಮೊದಲೇ ಮುಚ್ಚಿ, 'ಬಿಡಿ'. 'ಬಿಡಿ' ಎಂಬ ಮಾತು ಕೇಳುವವರೆಗೆ ಕಾಲು ಮೇಲೇಳಬಾರದು. ಮುಚ್ಚುವ ಮುನ್ನ ಪೆಡಲ್ ಎದ್ದರೆ ನಿಪ್ಪಲಿನಿಂದ ಗಾಳಿ ಒಳಗೆ. ಪಂಪ್ ಹೊಡೆದ ಹಾಗೆ ಸರಸರ ಒತ್ತಬಾರದು, ದೊಡ್ಡ ಗುಳ್ಳೆ ಒಡೆದು ಹತ್ತು ಸಣ್ಣದಾಗುತ್ತದೆ.

ಕೈಪಂಪಿನಿಂದ ಎಳೆಯುವವರಿಗೆ ಒಂದು ಮಾತು: ನಿಪ್ಪಲಿನ ಥ್ರೆಡ್ ಸಂದಿಯಿಂದ ಗಾಳಿ ನುಸುಳಿ ಪೈಪಿನಲ್ಲಿ ಕೊನೆಯಿಲ್ಲದಂತೆ ಗುಳ್ಳೆ ಕಾಣಿಸುತ್ತದೆ. ಅದು ಲೈನಿನ ಗಾಳಿ ಅಲ್ಲ. ಅದನ್ನು ನೋಡಿ ಎರಡು ಬಾಟಲಿ ಸುರಿದವರಿದ್ದಾರೆ.

ಪ್ರತಿ ಎಂಟು ಒತ್ತಿಗೆ ಒಮ್ಮೆ ಡಬ್ಬಿ ತುಂಬಿದ್ದು. ಹೊರಬಂದ ಲೆಕ್ಕ: ಹಿಂದಿನ ಎಡ 260 ಮಿಲೀ, ಮುಂದಿನ ಬಲ 180, ಹಿಂದಿನ ಬಲ 150, ಮುಂದಿನ ಎಡ 110. ಒಟ್ಟು 700. ಬಿಳಿಹುಲ್ಲಿನ ಬಣ್ಣ ಬಂತು, ಗುಳ್ಳೆ ನಿಂತಿತು. ನಿಪ್ಪಲ್ ಬಿಗಿ 8 ನ್ಯೂಟನ್ ಮೀಟರ್. ಅದು ಟೊಳ್ಳು ತಿರುಪು, ಕೈಬಲ ತೋರಿಸುವ ಜಾಗವಲ್ಲ.

ಅಂತರ ಅಳೆದರೆ 70 ಎಂಎಂ. ಮೊದಲಿಗಿಂತ ಕಡಿಮೆ, ಕೊನೆಯಲ್ಲಿ ಸ್ವಲ್ಪ ಪುಟಿಯುವ ಭಾವ. ಇಲ್ಲೇ ನಿಲ್ಲಿಸಿ ಇನ್ನೊಂದು ಸುತ್ತು ತೆಗೆಯಬೇಕಿತ್ತು.

ಹಂತ 5. ಎರಡನೇ ತಪ್ಪು: ಎಬಿಎಸ್ ಕೆಲಸ ಮಾಡಿಸಿ ನೋಡಿದ್ದು

ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ಲೇಔಟಿನ ಮಣ್ಣುರಸ್ತೆ, ವೇಗ 25ರೊಳಗೆ, ಜೋರಾಗಿ ಬ್ರೇಕ್. ಎಬಿಎಸ್ ಕಟಕಟ ಅಂದಿತು. ಎರಡನೇ ಸಲ ಒತ್ತಿದಾಗ ಪೆಡಲ್ ಕೆಳಗಿಳಿಯಿತು. ಅಂತರ 45 ಎಂಎಂ. ಮೊದಲ ಗೇರಿನಲ್ಲಿ, ಹ್ಯಾಂಡ್‌ಬ್ರೇಕ್ ಮೇಲೆ ಕೈಯಿಟ್ಟುಕೊಂಡು ವಾಪಸು. ಹಾಗೆ ಓಡಿಸಿ ತಂದದ್ದೂ ತಪ್ಪೇ, ಟೋ ಮಾಡಿಸಬೇಕಿತ್ತು.

ಏನಾಯಿತೆಂದರೆ: ಘಟಕದೊಳಗೆ ಪ್ರತಿ ಚಕ್ರಕ್ಕೆ ಎರಡು ವಾಲ್ವ್, ಒಟ್ಟು ಎಂಟು. ಒಳಹರಿವಿನ ವಾಲ್ವ್ ಸಾಮಾನ್ಯವಾಗಿ ತೆರೆದಿರುತ್ತದೆ. ಮಾಮೂಲಿ ಬ್ಲೀಡಿಂಗ್‌ನಲ್ಲಿ ಆಯಿಲ್ ಹರಿಯುವುದು ಅದರ ಮೂಲಕ. ಹೊರಹರಿವಿನ ವಾಲ್ವ್ ಸಾಮಾನ್ಯವಾಗಿ ಮುಚ್ಚಿರುತ್ತದೆ. ಅದರ ಆಚೆ ಸಣ್ಣ ಶೇಖರಣೆ ಕೋಣೆ, ಪಂಪು. ಎಬಿಎಸ್ ಕೆಲಸ ಮಾಡಿದಾಗ ಮಾತ್ರ ಆ ಬಾಗಿಲು ತೆರೆಯುತ್ತದೆ. ಮುಖ್ಯ ದಾರಿಯಲ್ಲಿ ಉಳಿದಿದ್ದ ಗಾಳಿ ಆ ಕ್ಷಣದಲ್ಲಿ ಒಳಕೋಣೆ ಸೇರಿತು, ಅಲ್ಲಿದ್ದದ್ದು ಕಲಕಿ ಲೈನಿಗೂ ಬಂತು. 'ಮಣ್ಣುರಸ್ತೆಯಲ್ಲಿ ಎಬಿಎಸ್ ಹೊಡೆಸಿ ಮತ್ತೆ ಬ್ಲೀಡ್ ಮಾಡಿ' ಎಂಬ ಸಲಹೆ ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಪೆಡಲ್ ಆಗಲೇ ಗಟ್ಟಿಯಾಗಿದ್ದು, ಒಳಗೆ ಚೂರು ಗಾಳಿ ಮಾತ್ರ ಉಳಿದಿರುವಾಗ ಅದು ಕೆಲಸ ಮಾಡಬಹುದು. ಪೆಡಲ್ ಪುಟಿಯುತ್ತಿರುವಾಗ ಮಾಡಿದರೆ ಗಾಳಿ ಇನ್ನಷ್ಟು ಒಳಕ್ಕೆ ಹೋಗುತ್ತದೆ, ಜತೆಗೆ ಬ್ರೇಕಿಲ್ಲದೆ ರಸ್ತೆ ಮಧ್ಯೆ ನಿಲ್ಲುತ್ತೀರಿ.

ಹಂತ 6. ಮುಂದಿನ ಶನಿವಾರ: ಸ್ಕ್ಯಾನರ್

ಐನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ಇಲ್ಲಿ ಪ್ರಯೋಜನವಿಲ್ಲ. ಅದು ಇಂಜಿನ್ನಿನ ಕೋಡ್ ಓದುತ್ತದೆ, ಎಬಿಎಸ್ ಪಂಪನ್ನು ಓಡಿಸಲಾರದು. ವಾಲ್ವ್‌ಗಳಿಗೆ ಆಜ್ಞೆ ಕೊಡಬಲ್ಲ ಸ್ಕ್ಯಾನರ್ ಬೇಕು. ಒಮ್ಮೆಯ ಕೆಲಸಕ್ಕೆ ಕೊಳ್ಳುವುದಕ್ಕಿಂತ ಮನೆಗೆ ಬರುವ ಮೆಕ್ಯಾನಿಕ್ಕನ್ನು ಕರೆಸುವುದೇ ಲೇಸು: 1,200 ರೂ. ಫೋನಿನಲ್ಲೇ ಕೇಳಬೇಕಾದ ಪ್ರಶ್ನೆ ಒಂದೇ: 'ಈ ಮಾಡೆಲ್ಲಿಗೆ ಎಬಿಎಸ್ ಬ್ಲೀಡಿಂಗ್ ಆಪ್ಷನ್ ಬರುತ್ತಾ?' ಬರೀ 'ಎಬಿಎಸ್ ಸ್ಕ್ಯಾನ್ ಆಗುತ್ತೆ' ಎಂದರೆ ಸಾಲದು.

ಮೂರನೇ ತಪ್ಪು ಇಲ್ಲಿ. ವಾರವೆಲ್ಲ ಬಾಗಿಲು ತೆರೆದು ಮುಚ್ಚಿ, ಇಗ್ನಿಷನ್ ಹಾಕಿ ತೆಗೆದು ಬ್ಯಾಟರಿ 11.9 ವೋಲ್ಟಿಗೆ ಇಳಿದಿತ್ತು. ಪಂಪಿನ ಮೋಟಾರು ಬಹಳ ಕರೆಂಟ್ ಎಳೆಯುತ್ತದೆ. ಶುರುವಾದ ಕೆಲವೇ ಸೆಕೆಂಡಿಗೆ ವೋಲ್ಟೇಜ್ ಕುಸಿದು ಸ್ಕ್ಯಾನರ್ ಅರ್ಧಕ್ಕೇ ಕೈಬಿಟ್ಟಿತು. ಪಕ್ಕದ ಮನೆಯ ಕಾರಿನಿಂದ ಜಂಪರ್ ಕೇಬಲ್ ಹಾಕಿ, ಅದರ ಇಂಜಿನ್ ಓಡಿಸುತ್ತ ಮತ್ತೆ ಶುರು. ಹಿಂದಿನ ರಾತ್ರಿಯೇ ಚಾರ್ಜರ್ ಹಾಕಿಟ್ಟಿದ್ದರೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು.

ಕ್ರಮ: ಇಗ್ನಿಷನ್ ಆನ್, ಇಂಜಿನ್ ಆಫ್. ಡಬ್ಬಿ ಮ್ಯಾಕ್ಸ್‌ವರೆಗೆ. ಸ್ಕ್ಯಾನರಿನಲ್ಲಿ ಚಕ್ರ ಆಯ್ದುಕೊಂಡು, ಪೆಡಲ್ ಒತ್ತಿ ಹಿಡಿದು, ನಿಪ್ಪಲ್ ತೆರೆದು, ಶುರು. ಪಂಪು ಗೊರಗೊರ ಎನ್ನುತ್ತದೆ, ಪೆಡಲ್ ಕಾಲಿಗೆ ಒದೆಯುತ್ತದೆ, ಆಮೇಲೆ ಕೆಳಗಿಳಿಯುತ್ತದೆ. ಗಾಬರಿಯಾಗಿ ಕಾಲು ತೆಗೆಯಬಾರದು. ಮೋಟಾರು ಬಿಸಿಯಾಗುತ್ತದೆ, ಸ್ಕ್ಯಾನರ್ 'ಕಾಯಿರಿ' ಅಂದರೆ ಕಾಯಲೇಬೇಕು. ಹಿಂದಿನ ಎಡದಲ್ಲಿ ಮೊದಲ ಸುತ್ತಿಗೇ ನೊರೆನೊರೆಯಾದ ಆಯಿಲ್ ಬಂತು, ಅದರ ಹಿಂದೆ ಟೀ ಬಣ್ಣದ ಹಳೇ ಆಯಿಲ್. ಅಂದರೆ ಒಳಕೋಣೆಯ ಆಯಿಲ್ ಮೊದಲ ಬ್ಲೀಡಿಂಗ್‌ನಲ್ಲಿ ಬದಲಾಗಿರಲೇ ಇಲ್ಲ. ಮುಂದಿನ ಬಲದಲ್ಲೂ ನೊರೆ. ಇನ್ನೊಂದು ಸರ್ಕ್ಯೂಟಿನ ಎರಡು ಚಕ್ರದಲ್ಲಿ ಗುಳ್ಳೆ ಇಲ್ಲ, ಬಣ್ಣ ಮಾತ್ರ. ಡಬ್ಬಿಯ ಅಡ್ಡಗೋಡೆ ಅಷ್ಟರಮಟ್ಟಿಗೆ ಕಾಪಾಡಿತ್ತು.

ಪ್ರತಿ ಚಕ್ರಕ್ಕೆ ಎರಡು ಸಲ ಸ್ಕ್ಯಾನರ್, ಆಮೇಲೆ ಕಾಲಿನಿಂದ ಹತ್ತು ಒತ್ತು. ಹೊರಬಂದದ್ದು ಅದೇ ಕ್ರಮದಲ್ಲಿ 140, 100, 80, 60. ಒಟ್ಟು 380 ಮಿಲೀ.

ಹಂತ 7. ಗಾಳಿ ಅಲ್ಲದ ಗಾಳಿ

ಈಗ ಅಂತರ 72 ಎಂಎಂ. ಮೊದಲಿನ 85 ಕೂಡ ಬಂದಿಲ್ಲ. ಆದರೆ ಲಕ್ಷಣ ಬದಲಾಗಿತ್ತು: ಮೊದಲ ಒತ್ತಿಗೆ ಕೆಳಗೆ ಹೋಗಿ ಅಲ್ಲಿ ಕಲ್ಲಿನಂತೆ ನಿಲ್ಲುತ್ತದೆ, ತಕ್ಷಣ ಎರಡನೇ ಸಲ ಒತ್ತಿದರೆ ಮೇಲೇ ಗಟ್ಟಿ. ಪುಟಿತ ಇಲ್ಲ. ಗಾಳಿಯಿದ್ದರೆ ಯಾವ ಎತ್ತರದಲ್ಲೂ ಸ್ಪಂಜು ಸ್ಪಂಜಾಗಿಯೇ ಇರುತ್ತದೆ. ಹೀಗೆ ಕೆಳಗೆ ಹೋಗಿ ಗಟ್ಟಿಯಾದರೆ ಹಿಂದಿನ ಡ್ರಮ್ಮಿನಲ್ಲಿ ಶೂಗಳು ದೂರ ಕೂತಿವೆ ಎಂದರ್ಥ. ಮೊದಲ ಒತ್ತು ಶೂ ಡ್ರಮ್ಮಿಗೆ ಮುಟ್ಟುವುದರಲ್ಲೇ ಖರ್ಚಾಗುತ್ತದೆ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಬಾಟಲಿಗಟ್ಟಲೆ ಆಯಿಲ್ ಸುರಿಯುವುದೇ ಈ ಕೆಲಸದಲ್ಲಿ ಅತಿ ಸಾಮಾನ್ಯ ನಷ್ಟ.

ಸಿಲಿಂಡರ್ ಹಾಕುವಾಗ, ಶೂಗೂ ಡ್ರಮ್ಮಿಗೂ ಇರುವ ಅಂತರ ಹೊಂದಿಸುವ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ ಹಾಗೇ ಬಿಟ್ಟಿದ್ದೇ ಕಾರಣ. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿಸಿ, ಡ್ರಮ್ ತೆಗೆದು ಅಡ್ಜಸ್ಟರಿನ ಹಲ್ಲುಚಕ್ರ ಕೆಲವು ಹಲ್ಲು ತಿರುಗಿಸಿ, ಡ್ರಮ್ ಹಾಕಿ, ಕೈಯಿಂದ ಸುತ್ತಿಸಿದಾಗ ಹಗುರವಾಗಿ ಸವರುವ ಸದ್ದು ಬರುವಷ್ಟು. ಬಲಗಡೆಗೂ ಅದೇ. ಕೊನೆಗೆ ಕೇಬಲ್ ಬಿಗಿ, ಲಿವರ್ ಆರು 'ಕಟ್' ಸದ್ದಿಗೆ ಹಿಡಿಯುವಂತೆ. ಕೇಬಲನ್ನು ಮೊದಲು ಬಿಗಿ ಮಾಡಿ ಪೆಡಲ್ ಮೇಲೆ ತರಲು ಹೋಗಬಾರದು, ಶೂ ಎಳೆದುಕೊಂಡೇ ಇದ್ದು ಡ್ರಮ್ ಕಾಯುತ್ತದೆ.

ಅಂತರ: 92 ಎಂಎಂ.

ಹಂತ 8. ಮುಚ್ಚುವ ಮುನ್ನ

ಇಂಜಿನ್ ಬಂದ್ ಇರುವಾಗ ಪೆಡಲ್ ಐದು ಸಲ ಒತ್ತಿ, ಗಟ್ಟಿಯಾದ ಮೇಲೆ ಅರ್ಧ ನಿಮಿಷ ಹಿಡಿದದ್ದು: ಜಾರಲಿಲ್ಲ. ಜಾರಿದರೆ ಎಲ್ಲೋ ಸೋರಿಕೆ, ಅಥವಾ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಹಿಡಿದಂತೆಯೇ ಇಂಜಿನ್ ಶುರು ಮಾಡಿದಾಗ ಪೆಡಲ್ ಸ್ವಲ್ಪ ಇಳಿಯಿತು: ಬೂಸ್ಟರ್ ಸರಿಯಿದೆ. ನಾಲ್ಕು ನಿಪ್ಪಲ್ಲು, ಹೊಸ ಸಿಲಿಂಡರಿನ ಪೈಪ್ ನಟ್ಟು, ಎಲ್ಲಕ್ಕೂ ಬಿಳಿ ಟಿಶ್ಯೂ ಒತ್ತಿ ನೋಡಿದ್ದು: ಒಣಗಿವೆ. ನಿಪ್ಪಲ್‌ಗಳಿಗೆ ಹೊಸ ಟೋಪಿ. ಚಕ್ರದ ವೇಗ ಅಳೆಯುವ ಸೆನ್ಸರಿನ ವೈರು ಎಲ್ಲೂ ಸಿಕ್ಕಿಕೊಂಡಿಲ್ಲ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಪರೀಕ್ಷೆ. ಎಬಿಎಸ್ ದೀಪ ಇಗ್ನಿಷನ್ ಹಾಕಿದಾಗ ಹತ್ತಿ ಆರಿತು, ಸ್ಕ್ಯಾನರಿನಲ್ಲಿ ಕೋಡ್ ಇಲ್ಲ. ರಸ್ತೆಗಿಳಿದದ್ದು ಇದಾದ ಮೇಲೆ.

ಒಟ್ಟು ಖರ್ಚು: ಆಯಿಲ್ ಮೂರು ಬಾಟಲಿ 720, ಸಿಲಿಂಡರ್ 650, ಟೋಪಿ 40, ಪೈಪು 30, ಸಿರಿಂಜು 40, ಕ್ಲೀನರ್ 280, ಸ್ಪ್ಯಾನರ್ 550, ಸ್ಕ್ಯಾನರ್ 1,200. ಸೇರಿ 3,510 ರೂ. ನಿಪ್ಪಲ್ ಮುರಿಯದೆ, ಡಬ್ಬಿ ಬರಿದಾಗದೆ ಹೋಗಿದ್ದರೆ 1,420ಕ್ಕೆ ಮುಗಿಯುತ್ತಿತ್ತು, ಅದರಲ್ಲೂ 550 ಸ್ಪ್ಯಾನರಿನದು.

1,500 ಮಿಲೀಯಲ್ಲಿ 170 ಉಳಿಯಿತು. ಸೀಲ್ ಒಡೆದ ಬಾಟಲಿಯನ್ನು ಮುಂದಿನ ಸಲಕ್ಕೆಂದು ಇಡುವಂತಿಲ್ಲ, ನಮ್ಮ ಮಳೆಗಾಲದ ತೇವ ಅದು ಹೀರಿಕೊಳ್ಳುತ್ತಲೇ ಇರುತ್ತದೆ. ಹಳೇ ಆಯಿಲ್ ಜತೆ ಅದನ್ನೂ ಒಂದೇ ಡಬ್ಬಿಗೆ ಸುರಿದು, ಹೆಸರು ಬರೆದು, ತೆಗೆದುಕೊಳ್ಳಲು ಒಪ್ಪಿದ ಗ್ಯಾರೇಜಿಗೆ ಕೊಟ್ಟದ್ದು. ಇಂಜಿನ್ ಆಯಿಲ್ ಜತೆ ಬೆರೆಸಬೇಡಿ, ಬೆರೆತದ್ದನ್ನು ಮತ್ತೆ ಶುದ್ಧ ಮಾಡಲಾಗುವುದಿಲ್ಲ. ಮೋರಿಗೆ ಸುರಿಯಲೇಬೇಡಿ, ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ.

ಒಂದು ವಾರ, 210 ಕಿಲೋಮೀಟರ್ ಆದ ಮೇಲೆ: ಡಬ್ಬಿಯ ಮಟ್ಟ ಮ್ಯಾಕ್ಸ್ ಗೆರೆಯಲ್ಲೇ, ಪೆಡಲ್ ಅಂತರ 91 ಎಂಎಂ, ಹಿಂದಿನ ಎಡ ಚಕ್ರದ ಒಳಮೈ ಒಣಗಿದೆ. ಹಿಂದಿನ ಬಲ ಸಿಲಿಂಡರಿನ ರಬ್ಬರ್ ತೋಳಿನ ಅಂಚಿನಲ್ಲಿ ಮಾತ್ರ ತೆಳುವಾದ ತೇವ. ಅದಕ್ಕೂ ಹೊಸದು ಬೇಕು. ಈ ಸಲ ಕೋಲು, ಫ್ಯೂಸು, ರಬ್ಬರ್ ಟೋಪಿ ಮೊದಲೇ ಪೋರ್ಟಿಕೊದಲ್ಲಿ ತಯಾರಿವೆ, ನಿಪ್ಪಲಿಗೆ ಶುಕ್ರವಾರ ರಾತ್ರಿಯೇ ಸ್ಪ್ರೇ.